ಡಚ್ ಭಾಷೆಯ ‘ಸ್ಟಾರ್’ ಶಬ್ದದ ನಿಷ್ಪತ್ತಿ

ಡಚ್ ಭಾಷೆಯಲ್ಲಿ ಕಣ್ಣಿನ ಪೊರೆಗೆ ‘ಸ್ಟಾರ್’ ಎಂದು ಹೆಸರು. ಅದರೊಡನೆ ‘ಸ್ಟಾರ್‌ಬ್ಲಿಂಡ್’ ಎಂಬ ಸಮಾಸವೂ ಉಂಟು. ‘ಬ್ಲಿಂಡ್’ ಎಂದರೆ ಕುರುಡು. ರೋಗವಾಚಕವಾದ ‘ಸ್ಟಾರ್’ ಮೊದಲು ಹುಟ್ಟಿತು, ಆ ರೋಗದಿಂದ ಕಣ್ಣು ಕಳೆದುಕೊಂಡವನನ್ನು ಹೇಳಲು ಸಮಾಸವು ಅನಂತರ ಏರ್ಪಟ್ಟಿತು ಎಂದು ಮೇಲುನೋಟಕ್ಕೆ ತೋರುವುದು ಸಹಜ. ಬಿಡಿಪದವು ಹಳೆಯದು, ಕೂಡುಪದವು ಹೊಸದು ಎಂಬ ನಂಬಿಕೆಯೇ ಇದಕ್ಕೆ ಆಧಾರ. ಆದರೆ ಪ್ರಯೋಗಗಳ ಕಾಲಾನುಕ್ರಮವು ಇದಕ್ಕೆ ವಿರುದ್ಧವಾಗಿದೆ.

ಪ್ರಾಚೀನ ಇಂಗ್ಲಿಷಿನ ‘ಸ್ಟ್ಯಾರ್‌ಬ್ಲಿಂಡ್’, ಪ್ರಾಚೀನ ಜರ್ಮನಿನ ‘ಸ್ಟರಬ್ಲಿಂಟ್’ ಇವೆರಡೂ ಸಮಾಸಗಳೇ. ಪೂರ್ವಪದವೊಂದೇ ರೋಗದ ಹೆಸರಾಗಿ ನಿಲ್ಲುವುದು ಜರ್ಮನಿನಲ್ಲಿ 16ನೆಯ ಶತಮಾನದಿಂದೀಚೆಗೆ. ಇಂಗ್ಲಿಷಿನಲ್ಲಿ ಅಂತಹ ನಾಮಪದವು ನೆಲೆಗೊಳ್ಳಲೇ ಇಲ್ಲ. ಆದುದರಿಂದ ಸಮಾಸವೇ ಮೂಲ. ಡಚ್ಚಿನ ‘ಸ್ಟಾರ್’ ಅದರಿಂದ ಬೇರ್ಪಟ್ಟ ತುಂಡು.

ಹಾಗಾದರೆ ಪೂರ್ವಪದದ ಮೂಲಾರ್ಥವೇನು? ಡಚ್ಚಿನ ‘ಸ್ಟಾರನ್’, ಇಂಗ್ಲಿಷಿನ ‘ಸ್ಟೇರ್’ ಎಂಬ ಕ್ರಿಯಾಪದಗಳು ಇದರ ಬಳಗದವು. ಎವೆಯಿಕ್ಕದೆ ನೋಡು ಎಂಬುದು ಅವುಗಳ ಅರ್ಥ. ಕಣ್ಣು ತೆರೆದೇ ಇದೆ, ನೋಟವು ನೆಟ್ಟೇ ಇದೆ, ಆದರೂ ಏನೂ ಕಾಣದು: ಇಂತಹ ಕುರುಡನ್ನು ಆ ಸಮಾಸವು ಹೇಳಿತು. ಕನ್ನಡದ ‘ಸುಡುಗಾಡು’, ‘ಕಡೆಗೋಲು’ ಎಂಬಲ್ಲಿ ಪೂರ್ವಪದವು ಕ್ರಿಯೆಯನ್ನು ಸೂಚಿಸುವಂತೆಯೇ ಇಲ್ಲಿಯೂ ಸೂಚಿಸುತ್ತದೆ. ಕನ್ನಡದ ‘ಕಡೆ’ಯು ಕೋಲನ್ನು ಬಿಟ್ಟು ಕಡೆಗೋಲೆಂಬ ಅರ್ಥವನ್ನು ಕೊಡದು, ಡಚ್ಚಿನ ‘ಸ್ಟಾರ್’ ಮಾತ್ರ ಉತ್ತರಪದವನ್ನು ಕಳಚಿಕೊಂಡು ತಾನೇ ರೋಗವಾಚಕವಾಯಿತು.

ಹೀಗೆ ಸ್ವತಂತ್ರವಾದ ಬಳಿಕ ಅದು ವಿಶೇಷಣಗಳನ್ನೂ ಪಡೆಯಿತು. ಪೊರೆಯು ‘ಬೂದು ಸ್ಟಾರ್’. ಕಣ್ಣಿನೊಳಗಿನ ಒತ್ತಡವು ಸಾಮಾನ್ಯವಾಗಿ ಹೆಚ್ಚಿ ದೃಷ್ಟಿನರವು ಕೆಡುವ ಗ್ಲಾಕೋಮಾ ‘ಹಸಿರು ಸ್ಟಾರ್’. ಎರಡನೆಯದರಲ್ಲಿ ಪೊರೆಯೇ ಇಲ್ಲ. ಮೂಲದಲ್ಲಿ ‘ಸ್ಟಾರ್’ ಪೊರೆಯ ಹೆಸರಾಗಿರಲಿಲ್ಲವೆಂಬುದನ್ನು ನೆನೆದರೆ ಈ ಪ್ರಯೋಗವು ಅಸಂಗತವೆನಿಸದು. ಕನ್ನಡವು ಕಣ್ಣನ್ನು ಮುಸುಕಿದ ವಸ್ತುವನ್ನು ಕಂಡು ಹೆಸರಿಟ್ಟಿತು; ಡಚ್ಚು ಕಾಣದವನ ನೋಟವನ್ನು ಕಂಡು.

‘ಸ್ಟಾರ್‌ಬ್ಲಿಂಡ್’ ಶಬ್ದವನ್ನು ‘ಸ್ಟಾರ್ ರೋಗದಿಂದ ಕುರುಡಾದವನು’ ಎಂದು ವಿಗ್ರಹಿಸುವುದು ಈಗಿನ ಬಳಕೆಗೆ ಒಪ್ಪಬಹುದು, ಶಬ್ದಚರಿತ್ರೆಗೆ ಒಪ್ಪದು. ಅಲ್ಲಿ ಮಗಳನ್ನೇ ತಾಯಿಯೆಂದು ಕರೆದಂತಾಗುವುದು. ಚಿಕ್ಕ ರೂಪವನ್ನು ಕಂಡೊಡನೆ ಅದನ್ನೇ ಧಾತುಸ್ಥಾನದಲ್ಲಿ ಕೂರಿಸುವ ನಿಘಂಟುಕಾರರು ಯಾವ ಭಾಷೆಯವರೇ ಆಗಲಿ, ಮೊದಲು ಪ್ರಯೋಗಗಳ ಕಾಲವನ್ನು ವಿಚಾರಿಸತಕ್ಕದ್ದು.