ಕಿರೀಟವನ್ನೆತ್ತಿದ ಕೈಗಳು
ನಾಟಕವು ಮುಗಿದೊಡನೆ ನಟನ ಕಲೆಯೂ ಮುಗಿಯುವುದು. ಕವಿಗೆ ಗ್ರಂಥವುಂಟು, ಶಿಲ್ಪಿಗೆ ಕಲ್ಲುಂಟು. ನಟನಿಗಾದರೋ ನೋಡಿದವರ ನೆನಪೇ ಆಶ್ರಯ. 1926ರಲ್ಲಿ ತೀರಿಕೊಂಡ ಎ. ವಿ. ವರದಾಚಾರ್ಯರ ಅಭಿನಯದ ಹಿರಿಮೆಯನ್ನು ನಾವಿಂದು ಕಂಡವರ ಮಾತಿನಿಂದಲೇ ಊಹಿಸಬೇಕಾಗಿದೆ. ಹೀಗಿರಲು, ರುದ್ರನಾಟಕದ ಪಾತ್ರದಲ್ಲಿ ಮಹಾನಟರೊಬ್ಬರನ್ನು ಚಿತ್ರಕಾರನು ಬರೆದಿಟ್ಟರೆ ಆ ಪಟದಲ್ಲಿ ಉಳಿಯುವುದು ಏನು? ಜಾನ್ ಸಿಂಗರ್ ಸಾರ್ಜೆಂಟನು 1889ರಲ್ಲಿ ಬರೆದ, ಲೇಡಿ ಮ್ಯಾಕ್‌ಬೆತ್ ವೇಷದ ಎಲೆನ್ ಟೆರಿಯ ಚಿತ್ರವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ. ಚಿತ್ರವು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕನ್ನಡಿಗರಿಗೆ ಅಪರಿಚಿತವಲ್ಲ, ಎಂ. ಎಲ್. ಶ್ರೀಕಂಠೇಶಗೌಡರು ಅದನ್ನು ‘ಪ್ರತಾಪರುದ್ರದೇವ’ವಾಗಿ ಕನ್ನಡಕ್ಕೆ ತಂದಿರುವರು. 1888ರ ಡಿಸೆಂಬರಿನಲ್ಲಿ ಹೆನ್ರಿ ಇರ್ವಿಂಗನು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಇದನ್ನು ಆಡಿಸಿದಾಗ ರಾಣಿಯ ಪಾತ್ರವನ್ನು ಟೆರಿಯು ವಹಿಸಿದಳು. ಸಾರಾ ಸಿಡನ್ಸಳ ಕಾಲದಿಂದಲೂ ಭಯಂಕರಿಯಾದ ರಾಣಿಯ ಕಲ್ಪನೆಗೆ ಒಗ್ಗಿಹೋಗಿದ್ದ ಪ್ರೇಕ್ಷಕರಿಗೆ, ಪತಿಪ್ರೇಮದಿಂದಲೇ ಪಾಪಕ್ಕಿಳಿಯುವ ಈ ರಾಣಿಯು ಹೊಸಬಳಾಗಿ ತೋರಿದಳು. ಮೆಚ್ಚಿದವರೂ ಇದ್ದರು, ಮುನಿದವರೂ ಇದ್ದರು.

ಪಟವು ಏಳಡಿಗಿಂತಲೂ ಎತ್ತರವಾಗಿದೆ. ಕಡುನೀಲಿಯ ಹಿನ್ನೆಲೆಯಲ್ಲಿ ರಾಣಿಯು ಒಬ್ಬಳೇ ನಿಂತಿರುವಳು. ಕೆಂಗೂದಲ ಜಡೆಗಳು ಮೊಣಕಾಲಿನವರೆಗೆ ಇಳಿದಿವೆ. ಹಸುರುಡುಗೆಯ ಮೇಲೆ ಹೊಲಿದಿದ್ದುದು ದುಂಬಿಯ ರೆಕ್ಕೆಗಳನ್ನು! ನಮ್ಮ ಕಡೆಯ ಮಕ್ಕಳು ಬೆಂಕಿಪೆಟ್ಟಿಗೆಯಲ್ಲಿಟ್ಟು ಸಾಕುವ ಜೀರ್ಜಿಂಬೆಯ ಹೊಳಪನ್ನು ವಾಚಕರು ನೆನೆದುಕೊಂಡರೆ ಆ ಉಡುಗೆಯ ಕಾಂತಿಯು ಮನಸ್ಸಿಗೆ ಬಂದೀತು. ರಂಗದ ಬೆಳಕಿನಲ್ಲಿ ಅದು ಹಾವಿನ ಮೈಯಂತೆ ಮಿರುಗಬೇಕೆಂಬುದೇ ಹವಣಿಸಿದವರ ಉದ್ದೇಶವಾಗಿದ್ದಿತು.

ರಾಣಿಯು ಎರಡು ಕೈಗಳಿಂದಲೂ ಕಿರೀಟವನ್ನು ತನ್ನ ತಲೆಯ ಮೇಲೆ ಎತ್ತಿ ಹಿಡಿದಿರುವಳು. ಇಂಥ ಸನ್ನಿವೇಶವು ನಾಟಕದಲ್ಲಿ ಎಲ್ಲಿಯೂ ಇಲ್ಲ. ನಟಿಯನ್ನು ಪಾತ್ರದಲ್ಲಿ ಬರೆಯಹೊರಟವನು ನಾಟಕದಲ್ಲಿ ಇಲ್ಲದುದನ್ನು ಬರೆಯಬಹುದೆ ಎಂದು ಆಕ್ಷೇಪಿಸುವುದು ಸಹಜ. ಆದರೆ ರಾಣಿಯ ಆಸೆ, ಕೊಲೆ, ನಿದ್ರೆಯಲ್ಲಿಯೂ ಬಿಡದ ಪಶ್ಚಾತ್ತಾಪ ಇವನ್ನು ತೋರಿಸಲು ನಾಟಕಕ್ಕೆ ಐದು ಅಂಕಗಳುಂಟು. ಚಿತ್ರಕಾರನಿಗೆ ಇರುವುದು ಒಂದೇ ಕ್ಷಣ. ಸಾರ್ಜೆಂಟನು ಆ ಎಲ್ಲವನ್ನೂ ಒಂದೆಡೆ ಕೂಡಿಸಿರುವನು. ಬೇಡಿದ ವಸ್ತುವು ಕೈಗೆ ಬಂದಿದೆ; ಅಗಲವಾಗಿ ತೆರೆದ ಕಣ್ಣುಗಳಲ್ಲಿ ಮಾತ್ರ ಸಂತೋಷದ ಸುಳಿವಿಲ್ಲ. ಕಿರೀಟವು ಇನ್ನೂ ತಲೆಯನ್ನು ಮುಟ್ಟಿಲ್ಲ. ರುದ್ರನಾಟಕದ ಮರ್ಮವೇ ಇದಲ್ಲವೆ?

ದೋಷವಿಲ್ಲವೆಂದಲ್ಲ. ಉಡುಗೆಯ ಬೆಡಗು ನೋಟವನ್ನು ಸೆಳೆದು ಮುಖವನ್ನು ತಲುಪಲು ತಡಮಾಡಿಸುವುದು. ಅದಕ್ಕಿಂತಲೂ ಮಿಗಿಲಾಗಿ, ಗಂಡನಿಗಾಗಿ ಎಲ್ಲವನ್ನೂ ಮಾಡಿದ ಹೆಂಡತಿಯು ಇಲ್ಲಿ ಕಾಣಳು; ಕಿರೀಟವು ಆಕೆಗೆ ತನ್ನದೇ ಆಗಿದೆ. ಹಾಗಾದರೆ ಚಿತ್ರಕಾರನು ನಟಿಗೆ ಅನ್ಯಾಯ ಮಾಡಿದನೆ? ಟೆರಿಯು ಹಾಗೆ ತಿಳಿಯಲಿಲ್ಲ. ತಾನು ಅಭಿನಯದಲ್ಲಿ ಹೊಮ್ಮಿಸಬಯಸಿದ್ದುದನ್ನು ಈ ಚಿತ್ರವು ಸೂಚಿಸಿತೆಂದು ಆಕೆಯು 1908ರ ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿರುವಳು. ಎಂದಮೇಲೆ, ಪಟದಲ್ಲಿ ಉಳಿದುದು ಆಕೆ ಆಡಿ ತೋರಿಸಿದುದಷ್ಟೇ ಅಲ್ಲ, ಆಡಿ ತೋರಿಸಲು ಹಂಬಲಿಸಿದುದು. ಛಾಯಾಚಿತ್ರಕ್ಕೆ ಸುಲಭವಾಗಿ ದೊರೆಯದುದು ಇದೇ.

ಆ ಉಡುಗೆಯನ್ನು ಜೀರ್ಣೋದ್ಧಾರಮಾಡಿ, ಕೆಂಟ್ ಪ್ರಾಂತದ ಸ್ಮಾಲ್‌ಹೈತಿನಲ್ಲಿ ಟೆರಿಯು ವಾಸಿಸಿದ್ದ ಮನೆಯಲ್ಲಿ 2011ರಲ್ಲಿ ಮರಳಿ ಪ್ರದರ್ಶನಕ್ಕಿಟ್ಟರು. ಅದನ್ನು ಕಂಡವರಿಗೆ ಬಟ್ಟೆಯು ಕಂಡೀತು. ರಾಣಿಯನ್ನು ಕಾಣಲು ಪಟದ ಮುಂದೆಯೇ ನಿಲ್ಲಬೇಕು. ನಮ್ಮ ಸೀಮೆಯಲ್ಲಿಯೂ ದೊಡ್ಡಾಟದ ಕಿರೀಟ ಭುಜಕೀರ್ತಿಗಳನ್ನು ಜೋಪಾನಮಾಡುವವರುಂಟು. ಅವನ್ನು ಧರಿಸಿ ಇಡೀ ರಾತ್ರಿ ಜನರ ಕಣ್ಣಲ್ಲಿ ನೀರು ತರಿಸಿದ ಮುಖಗಳನ್ನು ಬರೆದಿಡಲು, ಆ ಮುಖಗಳು ಇನ್ನೂ ನಮ್ಮ ನಡುವೆ ಇರುವಾಗಲೇ, ನಮ್ಮ ಚಿತ್ರಕಾರರು ಮುಂದೆ ಬರಬೇಕಾಗಿದೆ.