ಕಿವಿ ಮುಚ್ಚಿಕೊಂಡ ಇಬ್ಬರು

ಸದ್ದನ್ನು ಸಹಿಸಲಾರದವರ ಸಂಕಟವನ್ನು ಮೌನವಾದ ಚಿತ್ರಕಲೆಯು ಹೇಗೆ ತೋರಿಸಬಲ್ಲುದು? ಈ ಪ್ರಶ್ನೆಗೆ ಯೂರೋಪಿನ ಎರಡು ಕೃತಿಗಳು ಎರಡು ಬಗೆಯ ಉತ್ತರಗಳನ್ನು ಕೊಡುತ್ತವೆ. ಒಂದು, ಇಂಗ್ಲೆಂಡಿನ ವಿಲಿಯಂ ಹೋಗಾರ್ತನ 'ಕುಪಿತ ಸಂಗೀತಗಾರ' (1741) ಎಂಬ ಅಚ್ಚುಚಿತ್ರ. ಇನ್ನೊಂದು, ನಾರ್ವೆಯ ಎಡ್ವರ್ಡ್ ಮುಂಕ್‌ನ 'ಚೀತ್ಕಾರ' (1893). ಎರಡರಲ್ಲಿಯೂ ಕಿವಿಗಳನ್ನು ಮುಚ್ಚಿಕೊಂಡ ವ್ಯಕ್ತಿಯೇ ಪ್ರಧಾನ.

ಹೋಗಾರ್ತನ ಪಿಟೀಲುವಾದಕನು ಕಿಟಕಿಯಲ್ಲಿ ನಿಂತಿದ್ದಾನೆ. ಹೊರಗೆ ಲಂಡನ್ನಿನ ಬೀದಿ: ಲಾವಣಿ ಹಾಡುವ ಹೆಂಗಸು, ಅಳುವ ಕೂಸು, ಹಾಲು ಮಾರುವವಳು, ಸಾಣೆ ಹಿಡಿಯುವವನು, ಡೋಲು ಬಡಿಯುವ ಹುಡುಗ, ನಾಯಿ. ಸದ್ದಿನ ಮೂಲಗಳನ್ನೆಲ್ಲ ಕಲಾವಿದನು ಪಟ್ಟಿ ಮಾಡಿದಂತೆ ಚಿತ್ರಿಸಿದ್ದಾನೆ. ಹದಿನೆಂಟನೆಯ ಶತಮಾನದ ನಗರಜೀವನವನ್ನು ಅರಿಯಬಯಸುವ ವಿದ್ಯಾರ್ಥಿಗೆ ಇದು ಅಮೂಲ್ಯವಾದ ಆಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಚಿತ್ರವು ನಮ್ಮನ್ನು ಬೀದಿಯಲ್ಲಿಯೇ ನಿಲ್ಲಿಸುತ್ತದೆ. ಒಳಗಿರುವವನ ಯಾತನೆಯು ನಗೆಗೆ ವಸ್ತುವಾಗುತ್ತದೆ.

ಮುಂಕ್‌ನ ಚಿತ್ರದಲ್ಲಿ ಕಿರುಚುತ್ತಿರುವುದು ಆ ವ್ಯಕ್ತಿಯೇ ಎಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಾರದಲ್ಲಿದೆ. ಬಾಯಿ ತೆರೆದಿರುವುದೇನೋ ನಿಜ. ಆದರೂ ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಇದೇ ಚಿತ್ರದ 1895ರ ಕಲ್ಲಚ್ಚಿನ ಪ್ರತಿಯಲ್ಲಿ, ಪ್ರಕೃತಿಯನ್ನು ವ್ಯಾಪಿಸಿದ ಮಹಾಚೀತ್ಕಾರವು ತನ್ನ ಅನುಭವಕ್ಕೆ ಬಂದಿತೆಂಬ ಅರ್ಥದ ಜರ್ಮನ್ ವಾಕ್ಯವಿದೆ. ಆದುದರಿಂದ ಆ ವ್ಯಕ್ತಿಯು ಚೀತ್ಕಾರವನ್ನು ಕೇಳುತ್ತಿರುವವನೆಂದು ತಿಳಿಯುವುದೇ ಯುಕ್ತ. ಸದ್ದಿನ ಮೂಲವು ಎಲ್ಲಿಯೂ ಕಾಣದು. ಆಕಾಶವೂ ನೀರೂ ಅಲೆಅಲೆಯಾಗಿ ಕಂಪಿಸುತ್ತವೆ. ಅದೇ ಹಾದಿಯಲ್ಲಿ, ಹಿಂದೆ, ಇನ್ನಿಬ್ಬರು ಏನೂ ಕೇಳಿಸದವರಂತೆ ಇದ್ದಾರೆ. ಚಿತ್ರದ ಮರ್ಮವೆಲ್ಲ ಈ ಇಬ್ಬರಲ್ಲಿದೆ. ಒಬ್ಬರ ಬಾಧೆ ಜೊತೆಯವರ ಅರಿವಿಗೇ ಬಾರದು.

ಕೆಲವು ನಿರ್ದಿಷ್ಟ ಸದ್ದುಗಳಿಂದ ತೀವ್ರವಾದ ಉದ್ವೇಗವುಂಟಾಗುವ ಸ್ಥಿತಿಗೆ 2001ರಲ್ಲಿ 'ಮಿಸೋಫೋನಿಯ' ಎಂಬ ಹೆಸರು ಬಂದಿತು. ಸದ್ದು ದೊಡ್ಡದಾಗಿರಬೇಕೆಂದಿಲ್ಲ, ಪಂಕ್ತಿಯಲ್ಲಿ ಪಕ್ಕದವರು ಅಗಿಯುವ ಸದ್ದೂ ಸಾಕು. ಈ ಹೆಸರನ್ನು ಹಿಂದಿನ ಚಿತ್ರಗಳಿಗೆ ಅಂಟಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ಈ ಸ್ಥಿತಿಯುಳ್ಳವರು ತಮ್ಮ ಅನುಭವವನ್ನು ಇಂದು ಚಿತ್ರಿಸಹೊರಟರೆ ಅವರಿಗೆ ಎರಡೂ ಮಾದರಿಗಳು ಬೇಕಾಗುತ್ತವೆ. ಮುಂಕ್‌ನು ಕೇಳುವವನ ಪಕ್ಷವನ್ನು ಹಿಡಿದನು, ಆದರೆ ಸದ್ದು ಯಾವುದೆಂದು ಹೇಳಲಿಲ್ಲ. ಹೋಗಾರ್ತನು ಪ್ರತಿಯೊಂದು ಸದ್ದನ್ನೂ ಗುರುತಿಸಿದನು, ಆದರೆ ಕೇಳುವವನನ್ನು ಕೈಬಿಟ್ಟನು. ಬಾಧಿಸುವುದು ಇಂಥದೇ ಸದ್ದು ಎಂಬ ನಿಖರತೆಯೂ, ಬಾಧೆಪಡುವವನು ನಗೆಪಾಟಲಿನವನಲ್ಲವೆಂಬ ಗೌರವವೂ ಒಂದೇ ಚಿತ್ರದಲ್ಲಿ ಕೂಡಿಬಂದಾಗ ಮಾತ್ರ ಹಾದಿಯ ಆ ಇಬ್ಬರು ಹಿಂತಿರುಗಿ ನೋಡಿಯಾರು.