ಒಂದು ಕಾರ್ಡು, ಕೆಲವು ಸಾಲು: ಸೆರೆಸಿಕ್ಕ ನಾವಿಕನ ಜಾಡು

1942ರ ಮಾರ್ಚ್ 1ರಂದು ಜಾವಾ ಸಮುದ್ರದಲ್ಲಿ ಬ್ರಿಟನ್ನಿನ ‘ಎಕ್ಸೆಟರ್’ ಯುದ್ಧನೌಕೆ ಮುಳುಗಿತು. ಬದುಕುಳಿದ ಆರುನೂರಕ್ಕೂ ಹೆಚ್ಚು ನಾವಿಕರು ಜಪಾನಿಗೆ ಸೆರೆಯಾದರು. ಅವರಲ್ಲಿ ನೂರೈವತ್ತರಷ್ಟು ಮಂದಿ ಸೆರೆಯಲ್ಲೇ ತೀರಿಕೊಂಡರು. ಸೆರೆಯಾಳುಗಳಿಗಾಗಿ ಜಪಾನೀಯರು ಬರೆದಿಟ್ಟ ಸುಮಾರು 57,000 ಕಾರ್ಡುಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ‘ಡಬ್ಲ್ಯುಓ 345’ ಎಂಬ ಸಂಖ್ಯೆಯಡಿ ಇವೆ. ಅಜ್ಜನಿಗೆ ಏನಾಯಿತೆಂದು ಹುಡುಕುವ ಮನೆಯವರಿಗೆ ಅಲ್ಲಿ ಸಿಗುವುದು ಅಂಗೈಯಷ್ಟು ಕಾಗದ. ಅದರ ತಲೆಸಾಲುಗಳನ್ನು ಹಿಡಿದು ಅರ್ಥ ಬಿಡಿಸುತ್ತೇನೆ.

ಹೆಸರು

ಇಂಗ್ಲಿಷ್ ಅಕ್ಷರದಲ್ಲೂ ಇರುತ್ತದೆ, ಜಪಾನಿನ ಕಟಕಾನ ಲಿಪಿಯಲ್ಲೂ ಇರುತ್ತದೆ. ನಮಗೆ ರಕಾರ, ಲಕಾರ ಬೇರೆ ಬೇರೆ. ಆ ಲಿಪಿಯಲ್ಲಿ ಎರಡಕ್ಕೂ ಒಂದೇ ಗುರುತು. ‘ಲೇನ್’ ಎಂಬವನು ‘ರೇನ್’ ಆಗಿಬಿಡುತ್ತಾನೆ. ಹೆಸರು ಸಿಗಲಿಲ್ಲವೆಂದು ಕೈಬಿಡುವ ಮೊದಲು ಹೀಗೆ ಮಾರ್ಪಟ್ಟ ರೂಪಗಳನ್ನೂ ಹುಡುಕಬೇಕು.

ದಳ ಮತ್ತು ಸೇವಾ ಸಂಖ್ಯೆ: ಡಿ/ಕೆಎಕ್ಸ್...

ಭೂಸೇನೆಯವರ ಕಾರ್ಡಿನಲ್ಲಿ ಕಾಣದ ಗುರುತು ಇದು. ‘ಡಿ’ ಎಂದರೆ ಡೆವನ್‌ಪೋರ್ಟ್, ನಾವಿಕನ ತಾಯಿಬಂದರು. ‘ಪಿ’ ಇದ್ದರೆ ಪೋರ್ಟ್ಸ್‌ಮತ್, ‘ಸಿ’ ಇದ್ದರೆ ಚಾಟಮ್. ‘ಕೆಎಕ್ಸ್’ ಎಂದರೆ ಬಾಯ್ಲರ್ ಕೋಣೆಯಲ್ಲಿ ಬೆಂಕಿ ನೋಡಿಕೊಳ್ಳುವವನು. ಸಮಾಧಿಯೇ ಇಲ್ಲದ ಡೆವನ್‌ಪೋರ್ಟಿನ ನಾವಿಕರ ಹೆಸರುಗಳನ್ನು ಪ್ಲಿಮತ್ ನೌಕಾಸ್ಮಾರಕದಲ್ಲಿ ಕೆತ್ತಿದ್ದಾರೆ. ಎಲ್ಲಿ ಹೋಗಿ ನೋಡಬೇಕೆಂದು ಈ ಒಂದಕ್ಷರವೇ ದಾರಿ ತೋರುತ್ತದೆ.

ಸೆರೆಸಿಕ್ಕ ದಿನ: 17–3–2

ಇದು ಹದಿನೇಳನೇ ಇಸವಿಯಲ್ಲ, ಜಪಾನಿನ ಶೋವಾ ಶಕೆಯ 17ನೇ ವರ್ಷ. 1925 ಕೂಡಿಸಿದರೆ 1942. ಇನ್ನು ಕೊನೆಯ ಅಂಕಿ. ಎಕ್ಸೆಟರ್ ಮತ್ತು ಅದರ ಜೊತೆಗಿದ್ದ ಹಡಗುಗಳು ಮುಳುಗಿದ್ದು ಮಾರ್ಚ್ 1ಕ್ಕೆ. ಹಾಗಿದ್ದರೆ 2 ಎಂದೇಕೆ ಬರೆದರು? ಗುಮಾಸ್ತನ ತಪ್ಪೆಂದು ತಿದ್ದಲು ಹೋಗಬೇಡಿ. ರಾತ್ರಿಯಿಡೀ ನೀರಿನಲ್ಲೇ ತೇಲುತ್ತಿದ್ದ ನಾನೂರಕ್ಕೂ ಹೆಚ್ಚು ನಾವಿಕರನ್ನು ಜಪಾನಿನ ‘ಇಕಾಜುಚಿ’ ಹಡಗು ಮೇಲೆತ್ತಿಕೊಂಡದ್ದು ಮರುದಿನ. ಅದರ ಕಪ್ತಾನ ಶುನ್‌ಸಾಕು ಕುದೊ. ಒಂದು ದಿನದ ಆ ವ್ಯತ್ಯಾಸದಲ್ಲಿ ತೇಲುತ್ತಾ ಕಳೆದ ಒಂದು ಇಡೀ ರಾತ್ರಿ ಅಡಗಿರಬಹುದು. ಈ ಕಾರ್ಡಿನಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಶಿಬಿರ

ಹೆಚ್ಚಿನವರ ಮೊದಲ ಸೆರೆಮನೆ ಸೆಲೆಬೀಸ್ ದ್ವೀಪದ ಮಕಾಸರ್. 1942ರ ಅಕ್ಟೋಬರಿನಲ್ಲಿ ಸಾವಿರದಷ್ಟು ಕೈದಿಗಳನ್ನು ‘ಅಸಾಮ ಮಾರು’ ಹಡಗಿನಲ್ಲಿ ನಾಗಸಾಕಿಗೆ ಸಾಗಿಸಿ, ಅಲ್ಲಿನ ಹಡಗುಕಟ್ಟೆಯಲ್ಲಿ ದುಡಿಸಿದರು.

ತಂದೆಯ ಹೆಸರು, ತಾಯಿಯ ಹೆಸರು

ಒಂದೇ ಹೆಸರಿನ ಇಬ್ಬರಿದ್ದಾಗ ನಮ್ಮವನನ್ನು ಗುರುತಿಸಿಕೊಡುವವಳು ತಾಯಿ.

ಷರಾ

ಉಳಿದ ಸಾಲುಗಳು ಅವನು ಯಾರೆಂದು ಹೇಳುತ್ತವೆ, ಇದು ಅವನಿಗೆ ಏನಾಯಿತೆಂದು ಹೇಳುತ್ತದೆ. ಕಾರ್ಡಿನ ಮೇಲೆ ಕೆಂಪು ಶಾಯಿಯ ಓರೆಗೆರೆ ಎಳೆದಿದ್ದರೆ ಕೈದಿ ಸತ್ತನೆಂದು ಅರ್ಥ. ಷರಾದಲ್ಲಿ ಜಪಾನಿಯಲ್ಲಿ ದಿನ, ಕಾರಣ: ನ್ಯುಮೋನಿಯಾ, ಆಮಶಂಕೆ, ಬೆರಿಬೆರಿ. ಕಾಯಿಲೆ ನಿಜವೇ ಇರಬಹುದು, ಆದರೆ ಅದಕ್ಕೆ ಮೈಯನ್ನು ಒಪ್ಪಿಸಿದ್ದು ಹಸಿವು. ಹಸಿವೆಂದು ಬರೆಯುವ ಜಾಗ ಆ ಕಾರ್ಡಿನಲ್ಲಿ ಇರಲಿಲ್ಲ.

ಕೆಂಪು ಗೆರೆ ಕಂಡಲ್ಲಿಗೆ ಹುಡುಕಾಟ ನಿಲ್ಲಿಸಬಾರದು. ಮಕಾಸರಿನಲ್ಲಿ ಸತ್ತವರ ಸಮಾಧಿಗಳನ್ನು ಯುದ್ಧದ ನಂತರ ಅಂಬಾನ್ ದ್ವೀಪಕ್ಕೆ ಸಾಗಿಸಿದರು. ಜಪಾನಿನಲ್ಲಿ ಸತ್ತವರನ್ನು ದಹಿಸುತ್ತಿದ್ದರು. ಯೊಕೊಹಾಮಾದ ಯುದ್ಧಸ್ಮಶಾನದಲ್ಲಿ ಒಂದೇ ಕಲಶದಲ್ಲಿ 335 ಮಂದಿಯ ಬೂದಿ ಇದೆ.

ಕಾರ್ಡೇ ಇಲ್ಲದಿದ್ದರೆ?

ಅದಕ್ಕೂ ಅರ್ಥವಿದೆ. ಜಪಾನಿನ ನೌಕಾಪಡೆ ತನ್ನ ನಾಡಿನ ಒಫುನಾ ಎಂಬಲ್ಲಿ ವಿಚಾರಣೆಯ ಶಿಬಿರವೊಂದನ್ನು ಗುಟ್ಟಾಗಿ ನಡೆಸುತ್ತಿತ್ತು. ಅಲ್ಲಿದ್ದವರ ಹೆಸರನ್ನು ರೆಡ್‌ಕ್ರಾಸ್‌ಗೂ ತಿಳಿಸುತ್ತಿರಲಿಲ್ಲ, ಮನೆಯವರು ಅವರನ್ನು ಸತ್ತರೆಂದೇ ತಿಳಿದಿದ್ದರು. ಅಂಥವರಿಗಾಗಿ ‘ಡಬ್ಲ್ಯುಓ 344’ ನೋಡಬೇಕು. ಬಿಡುಗಡೆಯಾದ ಕೈದಿಗಳು ತಮ್ಮ ಕೈಯಾರೆ ತುಂಬಿಕೊಟ್ಟ ಪ್ರಶ್ನಾವಳಿಗಳು ಅಲ್ಲಿವೆ.

2007ರಲ್ಲಿ ಪತ್ತೆಯಾಗಿದ್ದ ಎಕ್ಸೆಟರಿನ ಅವಶೇಷವನ್ನು 2016ರಲ್ಲಿ ಮತ್ತೆ ಹುಡುಕಿದಾಗ ಬಹುಪಾಲು ಕಾಣೆಯಾಗಿತ್ತು. ಗುಜರಿಗಾಗಿ ಕಬ್ಬಿಣವನ್ನೇ ಕದ್ದೊಯ್ದಿದ್ದರು. ಕಾರ್ಡುಗಳು ಉಳಿದಿವೆ. ನಕಲು ತರಿಸುವಾಗ ಹಿಂಬದಿಯನ್ನೂ ಕೇಳಿ ಪಡೆಯಿರಿ, ಷರಾವನ್ನು ಜಪಾನಿ ಬಲ್ಲವರಿಂದಲೇ ಓದಿಸಿ.